ಪೀರಮ್ಮನ ಹೊಲ ಉಳಿಸಿದ ಬಗೆ

ತೆಲುಗು ಗಡಿಯ ಹೊಳಗುಂದ ಮಂಡಲದ ಎರೆಗುಂದಿ ಗ್ರಾಮದ ಪೀರಮ್ಮ ಎಂಬ ರೈತ ಮಹಿಳೆಯ ನಾಲ್ಕು ಎಕರೆ ಎರೆಹೊಲವನ್ನು ಸರ್ಕಾರದ ನಿಧಿ, ಸಂಘದ ಹೋರಾಟ ಮತ್ತು ಊರವರ ಸಹಕಾರದಿಂದ ಪೂರ್ತಿಯಾಗಿ ಉಳಿಸಲಾಗಿದೆ. ಹೊಲ ಈಗ ಎಷ್ಟು ಸುರಕ್ಷಿತವಾಗಿದೆಯೆಂದರೆ ಅದರಲ್ಲಿ ಒಂದು ಕಾಳೂ ಬೆಳೆಯುವುದಿಲ್ಲ. ಈ ಬಗ್ಗೆ ಆಲೂರಿನ ಬಸ್ ಸ್ಟ್ಯಾಂಡಿನಲ್ಲಿ ಕೆಲವರು ತಿಳಿಯದೆ ಏನೇನೋ ಮಾತಾಡುತ್ತಿರುವುದು ಕಿವಿಗೆ ಬಿದ್ದಿರುವುದರಿಂದ, ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ಬರೆಯಲಾಗಿದೆ.

ಪೀರಮ್ಮನ ಹೊಲ ರಸ್ತೆಗೆ ಹೊಂದಿಕೊಂಡಿದೆ. ಅದರ ಬೆನ್ನಿಗೆ ಆಲೂರಿನ ಹತ್ತಿ ವ್ಯಾಪಾರಿ ಚಂದ್ರಣ್ಣನವರ ಇಪ್ಪತ್ತು ಎಕರೆ ವೆಂಚರ್ ಇದೆ. ವೆಂಚರ್ ಎಂದರೆ ಒಳ್ಳೆಯ ಹೊಲವನ್ನು ಮನೆಯ ಪ್ಲಾಟುಗಳಾಗಿ ಕತ್ತರಿಸಿ, ಮೂಲೆಮೂಲೆಗೆ ಹಳದಿ ಬಣ್ಣದ ಕಲ್ಲು ನೆಟ್ಟು, ಮುಂದೊಂದು ಕಮಾನು ಕಟ್ಟಿ, ಕೊಳ್ಳುವವರಿಗಾಗಿ ಕಾಯುವುದು. ಚಂದ್ರಣ್ಣನವರು ಮೂರು ವರ್ಷದಿಂದ ಕಾಯುತ್ತಿದ್ದರು. ಇನ್ನೂರ ನಲವತ್ತು ಪ್ಲಾಟುಗಳಲ್ಲಿ ಎರಡು ಮಾರಾಟವಾಗಿದ್ದವು, ಎರಡೂ ಅವರ ಭಾವಮೈದುನನಿಗೆ. ಉಳಿದವು ಹೋಗದಿರುವುದಕ್ಕೆ ಕಮಾನು ರಸ್ತೆಗೆ ಕಾಣದಿರುವುದೇ ಕಾರಣ, ಕಮಾನು ಕಾಣದಿರುವುದಕ್ಕೆ ಪೀರಮ್ಮನ ಜೋಳ ಆಳೆತ್ತರ ಬೆಳೆಯುವುದೇ ಕಾರಣ ಎಂದು ಅವರಿಗೆ ಖಾತ್ರಿಯಾಗಿತ್ತು.

ಆಗಸ್ಟ್ ತಿಂಗಳಲ್ಲಿ ಅವರು ಕಾರಿನಲ್ಲಿ ಬಂದಿಳಿದರು. ಪೀರಮ್ಮ ಕಳೆದ ಸಲದ ಜೋಳದ ಕೂಳೆ ಕೀಳುತ್ತಿದ್ದಳು.

"ಪೀರಮ್ಮಾ, ಈ ಹೊಲ ನನಗ ಕೊಟ್ಟುಬಿಡು. ಮೂಲ್ಯಾಗಿನ ಪ್ಲಾಟು ಒಂದು ನಿನಗಾ ಬಿಡ್ತೀನಿ. ಈಸ್ಟ್ ಫೇಸಿಂಗ್."

"ಜೋಳಕ್ಕ ಯಾವ ಫೇಸಿಂಗ್ ಆದ್ರೂ ನಡೀತೈತ್ರಿ ಸಾವುಕಾರ್ರ. ನಾ ಕೊಡಂಗಿಲ್ಲ."

"ಇಲ್ಲಿ ಪಾರ್ಕ್ ಮಾಡ್ತೀನಿ. ಬೆಂಚು ಹಾಕಿಸ್ತೀನಿ. ದಿನಾ ಬಂದು ತಂಪಾಗಿ ಕೂಡಬಹುದು ನೀನು."

"ಈ ಹೊಲದಾಗ ನಾ ಒಂದಿನಾನೂ ಕೂತಾಕಿ ಅಲ್ರಿ. ಕೂಡಾದು ನಮ್ಮ ಯಜಮಾನ್ರು."

ಅವಳ ಯಜಮಾನ ಭೀಮಣ್ಣ ಆ ಹೊತ್ತಿಗೆ ಬೇವಿನ ಮರದ ಕೆಳಗೆ ಬುಟ್ಟಿ ಬೋರಲು ಹಾಕಿ ಕೂತು ಚಹ ಕುಡಿಯುತ್ತಿದ್ದ. ಅವನಿಗೆ ಪಾರ್ಕಿನ ಮಾತು ಹಿಡಿಸಿತು. ಆದರೆ ಹೊಲ ಪೀರಮ್ಮನ ತವರಿನಿಂದ ಬಂದದ್ದು, ಹೊಲದ ಹಕ್ಕು ತೋರಿಸುವ ಪಟ್ಟಾದಾರ್ ಪಾಸ್‌ಬುಕ್ಕಿನಲ್ಲಿ ಅವಳದೇ ಫೋಟೋ ಇರುವುದು. ಹಾಗಾಗಿ ಅವನು ಚಹದ ಕಡೆಗೇ ಗಮನ ಕೊಟ್ಟ.

ಚಂದ್ರಣ್ಣನವರು ಮತ್ತೆ ಮೂರು ಸಲ ಬಂದರು. ಮೂರನೆಯ ಸಲ ಬಂದಾಗ ಸುದ್ದಿ ಆದೋನಿ ತಲುಪಿತು. ಆದೋನಿಯಲ್ಲಿ 'ಸಾಗುಭೂಮಿ ಉಳಿಸಿ' ಎಂಬ ಸಂಘವಿದೆ. ಅದರ ಸಂಚಾಲಕಿ ಶಿರೀಷಾ ಇಪ್ಪತ್ತೆಂಟು ವರ್ಷದ, ಮನಸ್ಸಿನಲ್ಲಿ ಯಾವ ಕಪಟವೂ ಇಲ್ಲದ ಹುಡುಗಿ. ಆಕೆ ಶೇರ್ ಆಟೋದಲ್ಲಿ ಬಂದು, ಪೀರಮ್ಮನ ಎರಡೂ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, "ಅಮ್ಮಾ, ನಿಮ್ಮ ಹೊಲಕ್ಕ ಏನೂ ಆಗಾಕ ನಾವು ಬಿಡಂಗಿಲ್ಲ" ಎಂದಳು. ಆ ಮಾತು ಅಕ್ಷರಶಃ ನಿಜವಾಯಿತು.

ಮುಂದಿನ ಭಾನುವಾರ ಮಾನವ ಸರಪಳಿ ನಡೆಯಿತು. ಎರೆಗುಂದಿಯವರು, ಚಿಪ್ಪಗಿರಿ ಕಡೆಯವರು, ಆದೋನಿಯಿಂದ ಬಂದ ಎರಡು ಬಸ್ಸಿನವರು ಹೊಲದ ಸುತ್ತ ಕೈ ಕೈ ಹಿಡಿದು ನಿಂತರು. ಘೋಷಣೆಯನ್ನು ಅರ್ಧ ಜನ ತೆಲುಗಿನಲ್ಲಿ, ಅರ್ಧ ಜನ ಕನ್ನಡದಲ್ಲಿ ಕೂಗಿದ್ದರಿಂದ ಏನು ಕೂಗಿದರೆಂದು ಯಾರಿಗೂ ತಿಳಿಯಲಿಲ್ಲವಾದರೂ ಬಹಳ ಜೋರಾಗಿತ್ತು. ಚಂದ್ರಣ್ಣನವರು ಕಮಾನಿನ ಕೆಳಗೆ ನಿಂತು ನೋಡಿದರು. ತಮ್ಮ ವೆಂಚರ್ ಬಳಿ ಅಷ್ಟು ಜನ ಸೇರಿದ್ದು ಅದೇ ಮೊದಲಾದ್ದರಿಂದ ಎಲ್ಲರಿಗೂ ಮಜ್ಜಿಗೆ ಕೊಡಿಸಿ, ಬ್ರೋಷರ್ ಹಂಚಿದರು.

ಈ ಕೂಗು ಆಲೂರಿನಲ್ಲಿದ್ದ 'ಸಾಗುಭೂಮಿ ಸಂರಕ್ಷಣಾ ಕೋಶ'ದ ವಿಶೇಷಾಧಿಕಾರಿ ನಾಗಭೂಷಣರವರಿಗೆ ಮುಟ್ಟಿತು. ಅವರ ಕೋಶಕ್ಕೆ ಎರಡು ವರ್ಷದಿಂದ ನಿಧಿ ಬರುತ್ತಿತ್ತು, ಆದರೆ ಉಳಿಸಲು ಒಂದು ಹೊಲವೂ ಸಿಕ್ಕಿರಲಿಲ್ಲ. ಯಾವ ಹೊಲಕ್ಕೆ ಹೋದರೂ ಅಲ್ಲಿ ಯಾರಾದರೊಬ್ಬರು ಉಳುತ್ತಲೇ ಇರುತ್ತಿದ್ದರು. ಪೀರಮ್ಮನ ಹೊಲ ಮಾತ್ರ ಕೂಳೆ ಕಿತ್ತು, ಕುಂಟೆ ಹೊಡೆದು, ಹಿಂಗಾರಿ ಬಿತ್ತನೆಗೆಂದು ಖಾಲಿ ಬಿಟ್ಟಿತ್ತು. ಇಂಥ ಶುಚಿಯಾದ ಸಾಗುಭೂಮಿಯನ್ನು ತಾವು ಕಂಡೇ ಇಲ್ಲವೆಂದು ಅವರು ಸ್ಥಳದಲ್ಲೇ ಅಭಿಪ್ರಾಯಪಟ್ಟರು. ಸೆಪ್ಟೆಂಬರ್ ಮೂರನೆಯ ತಾರೀಕು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮೊಬೈಲ್ ತೆಗೆದು, ಅಕ್ಷಾಂಶ ರೇಖಾಂಶ ಸಮೇತ ಒಂದು ಫೋಟೋ ಹೊಡೆದರು. ಒಂದು ವಾರದಲ್ಲಿ ಹೊಲವನ್ನು ಸಂರಕ್ಷಿತವೆಂದು ಸಾರುವ ಆದೇಶ ಬಂತು.

ಊರು ಪಟಾಕಿ ಹಾರಿಸಿತು. ಶಿರೀಷಾ ಪೀರಮ್ಮನ ಹೆಗಲಿಗೆ ಶಾಲು ಹೊದಿಸಿದಳು. ಪೀರಮ್ಮ ಮನೆಗೆ ಹೋಗಿ ಬಿತ್ತನೆಯ ಜೋಳವನ್ನು ಬಿಸಿಲಿಗೆ ಹರವಿದಳು. ಉತ್ತರಿ ಮಳೆ ಚೆನ್ನಾಗಿ ಹೊಯ್ದಿತ್ತು. ಸೆಪ್ಟೆಂಬರ್ ಕೊನೆಗೆ ನೆಲ ಹದಕ್ಕೆ ಬಂದ ದಿನ ಆಕೆ ಎತ್ತು ಬಾಡಿಗೆಗೆ ತಂದು, ಕೂರಿಗೆ ಹೂಡಿ, ಹೊಲದ ಅಂಚಿಗೆ ನಿಂತಳು. ಅಷ್ಟರಲ್ಲಿ ಜೀಪು ಬಂತು.

"ಆಗಮ್ಮಾ, ಆಗು! ಏಮಿದಿ?" ನಿಲ್ಲು, ಏನಿದು ಎಂದು ತೆಲುಗಿನಲ್ಲಿ ಕೂಗುತ್ತ ನಾಗಭೂಷಣರವರು ಇಳಿದರು.

"ಕೂರಿಗಿ, ಸಾರ್."

ಅವರು ಫೈಲು ತೆರೆದು, ಫೋಟೋ ತೆಗೆದು, ಬಿಸಿಲಿಗೆ ಹಿಡಿದು ನೋಡಿದರು. "ಕೂರಿಗಿ ಫೋಟೋದಾಗ ಲೇದು."

"ಇಲ್ರಿ. ಅವತ್ತು ಬಿತ್ತೋ ದಿನ ಆಗಿದ್ದಿಲ್ಲ."

"ಸಂರಕ್ಷಣೆ ಅಂದ್ರ ಯಥಾಸ್ಥಿತಿ ಅಮ್ಮಾ. ಹೊಲ ಹೆಂಗಿತ್ತೋ ಹಂಗಾ ಇರಬೇಕು. ಫೋಟೋದಾಗ ಇಲ್ಲದ್ದು ಹೊಲದಾಗ ಇರಂಗಿಲ್ಲ."

ಪೀರಮ್ಮ ಕೂರಿಗೆಯ ಮೇಲಿನ ಕೈ ತೆಗೆಯದೆ ಕೇಳಿದಳು. "ಸಾರ್, ಹೊಲ ಉಳಿಸಿದ್ದು ಬಿತ್ತಾಕೋ, ನೋಡಾಕೋ?"

"ಉಳಿಸೋದು ನಮ್ಮ ಕೋಶ. ಬಿತ್ತೋದು ವ್ಯವಸಾಯ ಶಾಖೆ. ಅದು ಬೇರೆ ಬಿಲ್ಡಿಂಗು."

ಆದೇಶದ ಪ್ರತಿ ತರಿಸಲಾಯಿತು. ಅದು ಇಂಗ್ಲಿಷಿನಲ್ಲಿ ಹುಟ್ಟಿ, ತೆಲುಗಿನಲ್ಲಿ ಬೆಳೆದು ಊರಿಗೆ ಬಂದಿತ್ತು. ಊರ ಮಟ್ಟದ ಸರ್ಕಾರಿ ಕಚೇರಿಯಾದ ಗ್ರಾಮ ಸಚಿವಾಲಯದ ಕಾರ್ಯದರ್ಶಿ ಬಜಾರಪ್ಪ ಅದನ್ನು ಕಟ್ಟೆಯ ಮೇಲೆ ನಿಂತು ಕನ್ನಡದಲ್ಲಿ ಓದಿ ಹೇಳಿದ:

"ಸದರಿ ಭೂಮಿಯು ಚಿತ್ರದಲ್ಲಿ ಕಂಡಂತೆ ಮುಂದುವರಿಯತಕ್ಕದ್ದು. ಚಿತ್ರದಲ್ಲಿ ಕಾಣುವುದೇನೆಂದರೆ: ಒಂದು, ಖಾಲಿ ನೆಲ. ಎರಡು, ಬೇವಿನ ಮರ. ಮೂರು, ಈಶಾನ್ಯ ಮೂಲೆಯಲ್ಲಿ ಪಶ್ಚಿಮಾಭಿಮುಖವಾಗಿ ನಿಂತ ಒಂದು ಎಮ್ಮೆ. ನಾಲ್ಕು, ಮರದಡಿ ಚಹ ಸೇವಿಸುತ್ತಿರುವ ಒಬ್ಬ ಪುರುಷ. ಇವುಗಳಲ್ಲಿ ಯಾವುದೊಂದು ಕಡಿಮೆಯಾದರೂ, ಹೆಚ್ಚಾದರೂ ಸಂರಕ್ಷಣೆಗೆ ಧಕ್ಕೆ ಬಂದಂತೆ ಭಾವಿಸಲಾಗುವುದು."

ಜನ ತಿರುಗಿ ಭೀಮಣ್ಣನನ್ನು ನೋಡಿದರು. ಭೀಮಣ್ಣ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ.

ಮರುದಿನದಿಂದ ಅವನು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬೇವಿನ ಮರದ ಕೆಳಗೆ ಕೂರತೊಡಗಿದ. ಮೊದಲೂ ಕೂರುತ್ತಿದ್ದನಾದರೂ ಈಗ ಸರ್ಕಾರದ ಪರವಾಗಿ ಕೂರುತ್ತಿದ್ದ. ಚಹ ನಿಧಿಯಿಂದ ಬರುತ್ತಿತ್ತು. ಫೋಟೋದಲ್ಲಿ ಗ್ಲಾಸು ಅರ್ಧ ತುಂಬಿದ್ದುದರಿಂದ ಪೂರ್ತಿ ಕುಡಿಯುವಂತಿರಲಿಲ್ಲ. ಅರ್ಧಕ್ಕಿಂತ ಕೆಳಗಿಳಿದರೆ ಮತ್ತೆ ಹೊಯ್ಯಿಸಿಕೊಳ್ಳಬೇಕಾಗಿತ್ತು. ಹೀಗೆ ದಿನಕ್ಕೆ ಇಪ್ಪತ್ತೆರಡು ಗ್ಲಾಸು ಕುಡಿದು ಅವನಿಗೆ ನಿದ್ದೆ ಬರುವುದು ನಿಂತುಹೋಯಿತು.

ಎಮ್ಮೆಯದು ಅಷ್ಟು ಸುಲಭವಿರಲಿಲ್ಲ. ಅದಕ್ಕೆ ಪಶ್ಚಿಮದಲ್ಲಿ ಯಾವ ಆಸಕ್ತಿಯೂ ಇರಲಿಲ್ಲ. ತಪಾಸಣೆಯ ದಿನ ಪೀರಮ್ಮ ಪಶ್ಚಿಮಕ್ಕೆ ಒಂದು ಹಿಡಿ ಹಿಂಡಿ ಇಟ್ಟು ಅದರ ಮುಖ ತಿರುಗಿಸುತ್ತಿದ್ದಳು. ಹಿಂಡಿಯೂ ನಿಧಿಯದೇ. ಸುತ್ತಲೂ ತಂತಿಬೇಲಿ ಬಂತು. 'ಈ ಹೊಲವನ್ನು ರೈತರಿಗಾಗಿ ಕಾಯ್ದಿರಿಸಲಾಗಿದೆ, ಪ್ರವೇಶವಿಲ್ಲ' ಎಂಬ ಬೋರ್ಡು ಬಂತು.

ಅಕ್ಟೋಬರ್ ಮೊದಲ ವಾರ ಎಮ್ಮೆ ಕರು ಹಾಕಿತು. ಅದೂ ಈಶಾನ್ಯ ಮೂಲೆಯಲ್ಲೇ, ಕೆಲಸದ ವೇಳೆಯಲ್ಲೇ.

ಎರಡನೆಯ ದಿನವೇ ಕರುವಿಗೆ ನೋಟಿಸು ಬಂತು. ಸಂರಕ್ಷಿತ ಭೂಮಿಯಲ್ಲಿ ಅನುಮತಿ ಇಲ್ಲದೆ ಪ್ರವೇಶಿಸಿರುವ ಬಗ್ಗೆ ಏಳು ದಿನದೊಳಗೆ ವಿವರಣೆ ಕೊಡತಕ್ಕದ್ದು ಎಂದಿತ್ತು. ಬಜಾರಪ್ಪ ಅದನ್ನು ಕರುವಿನ ಮುಂದೆ ಓದಿ, ಕರು ಮೂಸಿದ್ದನ್ನು ಸ್ವೀಕೃತಿ ಎಂದು ಬರೆದುಕೊಂಡ. ಶಿರೀಷಾ ಇಡೀ ದಿನ ಕೂತು ಉತ್ತರ ತಯಾರಿಸಿದಳು. ಆಲೂರಿನಲ್ಲಿ ವಿಚಾರಣೆ ನಡೆಯಿತು.

"ಸಾರ್, ಈ ಕರು ಹೊಸದಾಗಿ ಬಂದದ್ದಲ್ಲ," ಎಂದಳು ಶಿರೀಷಾ. "ಸೆಪ್ಟೆಂಬರ್ ಮೂರಕ್ಕ ಅದು ಎಮ್ಮಿ ಹೊಟ್ಯಾಗ ಇತ್ತು. ಅಂದ್ರ ಫೋಟೋದಾಗೂ ಇತ್ತು. ಕಾಣ್ತಿರಲಿಲ್ಲ, ಅಷ್ಟಾ. ಇದು ಪಶುವೈದ್ಯರ ಸರ್ಟಿಫಿಕೇಟು."

ನಾಗಭೂಷಣರವರು ಸರ್ಟಿಫಿಕೇಟು ಓದಿ, ಫೋಟೋದಲ್ಲಿನ ಎಮ್ಮೆಯ ಹೊಟ್ಟೆಯನ್ನು ಭೂತಗನ್ನಡಿಯಲ್ಲಿ ನೋಡಿ, ನ್ಯಾಯವಾದ ಮಾತೆಂದು ಒಪ್ಪಿದರು. ಕರು ಯಥಾಸ್ಥಿತಿಯ ಭಾಗವೆಂದು ಘೋಷಣೆಯಾಯಿತು.

ಆಗ ಬಾಗಿಲ ಬಳಿ ನಿಂತಿದ್ದ ಪೀರಮ್ಮ ಮುಂದೆ ಬಂದಳು. "ಹಂಗಾದ್ರ ಜೋಳಾನೂ ಅವತ್ತು ಹೊಲದಾಗ ಇತ್ತು ಸಾರ್. ಮಣ್ಣಿನ ಹೊಟ್ಯಾಗ. ಕಾಣ್ತಿದ್ದಿಲ್ಲ. ಅದನ್ನ ಹೊರಗ ಬರಾಕ ಬಿಡ್ರಿ."

ನಾಗಭೂಷಣರವರು ಭೂತಗನ್ನಡಿಯನ್ನು ಫೋಟೋದ ಮಣ್ಣಿನ ಮೇಲೆ ಹಿಡಿದು ನೋಡಿದರು.

"ಮಣ್ಣು ಗಬ್ಬ ಇತ್ತು ಅಂತ ಡಾಕ್ಟರ್ ಸರ್ಟಿಫಿಕೇಟು ಐತೇನಮ್ಮಾ?"

ಇರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಪೀರಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ರಸ್ತೆಯ ಎರಡೂ ಕಡೆ ಜನ ಬಿತ್ತುತ್ತಿದ್ದರು. ಹಸ್ತ ಮಳೆ ಮುಗಿಯುತ್ತ ಬಂದಿತ್ತು. ಎರೆನೆಲ ಬಿರುಕು ಬಿಡಲು ಶುರುವಾದರೆ ಆ ವರ್ಷದ ಮಾತು ಅಲ್ಲಿಗೆ ಮುಗಿಯಿತು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಆಕೆ ಒಮ್ಮೆಯೂ ಅಂಗಡಿಯ ಜೋಳದ ರೊಟ್ಟಿ ಬಡಿದವಳಲ್ಲ. ಅಂಗಡಿಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ. ಶಿರೀಷಾ ಚೀಲದಿಂದ ಬಿಳಿ ಹಾಳೆ ತೆಗೆದಳು.

"ಅಮ್ಮಾ, ಒಂದು ರಿವ್ಯೂ ಅರ್ಜಿ ಹಾಕೋಣ," ಎಂದಳು.

"ಬ್ಯಾಡ ತಂಗಿ," ಎಂದಳು ಪೀರಮ್ಮ. "ನೀ ಇನ್ನೊಂದು ಅರ್ಜಿ ಹಾಕಿದ್ರ ಬೇವಿನ ಎಲಿ ಉದುರಂಗಿಲ್ಲ ಅಂತಾರ."

ಎರೆಗುಂದಿಯಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಕಮಾನಿನ ಕಡೆ ನಡೆದಳು. ಚಂದ್ರಣ್ಣನವರು ಅಲ್ಲೇ ಇದ್ದರು. ಅವತ್ತು ಗುಂತಕಲ್ಲಿನಿಂದ ಪ್ಲಾಟು ನೋಡಲು ಬಂದಿದ್ದ ದಂಪತಿಯನ್ನು ಹುಲ್ಲಿನಿಂದ ಎದ್ದ ಹಾವೊಂದು ಕಾರಿನವರೆಗೆ ಬೀಳ್ಕೊಟ್ಟಿತ್ತು. ಇಪ್ಪತ್ತು ಎಕರೆಯಲ್ಲೂ ಹುಲ್ಲು ಸೊಂಟದವರೆಗೆ ನಿಂತಿತ್ತು, ಅಲ್ಲಲ್ಲಿ ಜಾಲಿ ಮುಖ ಎತ್ತಿತ್ತು. ಹಳದಿ ಕಲ್ಲು ಒಂದೂ ಕಾಣುತ್ತಿರಲಿಲ್ಲ.

"ಸಾವುಕಾರ್ರ, ನಾಲ್ಕೆಕರೆ ಪ್ಲಾಟಿನಾಗಿನ ಕಸ ನಾ ತೆಗಿತೀನಿ. ಅಲ್ಲಿ ಜೋಳ ಹಾಕ್ಕೊಂತೀನಿ. ಕಟಾವು ಆದಮ್ಯಾಲ ನೆಲ ಕನ್ನಡಿ ಆಗಿರತೈತಿ. ಆಮ್ಯಾಲ ಯಾರಿಗನ್ನ ಮಾರ್ಕೋರಿ."

ಚಂದ್ರಣ್ಣನವರು ಅವಳನ್ನು ನೋಡಿದರು. ತಮ್ಮ ವ್ಯಾಪಾರ ಕೆಡಿಸಿದ್ದು ಇವಳ ಜೋಳವೇ ಎಂಬುದು ನೆನಪಿತ್ತು. ಹಾವೂ ನೆನಪಿತ್ತು.

"ಹೊಲ ಕೊಡು ಅಂದ್ರ ಕೊಡಲಿಲ್ಲ. ಈಗ ನನ್ನ ಪ್ಲಾಟು ಕೇಳ್ತಿ."

"ಹೌದ್ರಿ."

"ಜಲ್ದಿ ಹಾಕು ಮತ್ತ. ಹದ ಹೋದೀತು," ಎಂದರು ಚಂದ್ರಣ್ಣನವರು. ಅವರೂ ಮೂಲತಃ ರೈತರ ಮಗನೇ.

ಆದರೆ ಪ್ಲಾಟಿನಲ್ಲಿ ಮನೆ ಬಿಟ್ಟು ಬೇರೇನೂ ಏಳುವಂತಿರಲಿಲ್ಲ. ಇದನ್ನು ಬಜಾರಪ್ಪ ಬಹಳ ಸಂಕಟದಿಂದ ತಿಳಿಸಿದ. ಅವನು ಕೆಟ್ಟವನಲ್ಲ. ಪೀರಮ್ಮ ಅವನಿಗೆ ದೂರದಿಂದ ಅತ್ತೆಯಾಗಬೇಕು. ಅವಳ ಮನೆಯ ರೊಟ್ಟಿ ತಿಂದೇ ಅವನು ಹತ್ತನೆಯ ತರಗತಿ ಪಾಸಾದದ್ದು. ಆದರೆ ಕಂಪ್ಯೂಟರಿನಲ್ಲಿ 'ಕಟ್ಟಡದ ವಿಧ' ಎಂಬ ಜಾಗ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗುವುದಿಲ್ಲ.

"ಅತ್ತಿ, ಸಾಲು ಸಾಲಾಗಿ ಬಿತ್ತುತಿ ಅಲ್ಲ?"

"ಹೂಂ. ಕೂರಿಗಿ ಸಾಲು."

"ಸಾಲು ಅಂದ್ರ ಗೋಡಿ ಅಂತ ಬರಿತೀನಿ. ಎತ್ತರ?"

"ಆರಡಿ ಆಕೈತಿ."

"ಗೋಡಿಗೆ ಆರಡಿ ಕಮ್ಮಿ ಆತು. ಇರ್ಲಿ. ಮಾಳಿಗಿ?"

"ಮಾಳಿಗಿ ಎಲ್ಲಿಂದ ತರ್ಲೋ? ಜೋಳ ಅದು."

ಬಜಾರಪ್ಪ 'ಮೇಲ್ಛಾವಣಿ: ನಿರ್ಮಾಣ ಹಂತದಲ್ಲಿದೆ' ಎಂದು ತುಂಬಿಸಿದ. ಕಂಪ್ಯೂಟರು ಮರುಮಾತಿಲ್ಲದೆ ಒಪ್ಪಿತು. ರಸ್ತೆಗೆಂದು ಬಿಟ್ಟ ಜಾಗ ಉಳಿಸಿ ನಲವತ್ತೆಂಟು ಪ್ಲಾಟುಗಳಲ್ಲಿ ನಲವತ್ತೆಂಟು ಮನೆಗಳಿಗೆ ಅನುಮತಿ ಸಿಕ್ಕಿತು. ಪೀರಮ್ಮ ಎರಡೇ ದಿನದಲ್ಲಿ ಹುಲ್ಲು ತೆಗೆಸಿ, ಜಾಲಿ ಕಡಿಸಿ, ಕೂರಿಗೆ ಹೊಡೆದಳು. ಮೂರು ವರ್ಷ ಬೀಳುಬಿಟ್ಟ ನೆಲ. ನಾಲ್ಕನೆಯ ದಿನಕ್ಕೆ ಮೊಳಕೆ ಬಂತು. ಮೊಳಕೆಯನ್ನು ಕಣ್ಣಿಟ್ಟು ನೋಡಿದ ಬಜಾರಪ್ಪ 'ಅಡಿಪಾಯ ಪೂರ್ಣಗೊಂಡಿದೆ' ಎಂದು ಫೋಟೋ ಏರಿಸಿದ. ನವೆಂಬರಿನಲ್ಲಿ ಮನೆಗಳು ಮೊಣಕಾಲಿಗೆ ಬಂದವು, ಡಿಸೆಂಬರಿನಲ್ಲಿ ಎದೆಮಟ್ಟ ಏರಿದವು. ಪ್ರತಿ ಪ್ಲಾಟಿಗೂ ತಗಡಿನ ಮನೆನಂಬರು ಹೊಡೆಯಲಾಯಿತು. ಮಂಡಲದಲ್ಲೇ ಅತಿ ವೇಗವಾಗಿ ಮನೆ ಏಳುತ್ತಿರುವ ಗ್ರಾಮವೆಂದು ಎರೆಗುಂದಿಗೆ ಪ್ರಶಂಸಾಪತ್ರ ಬಂತು. ಸಂಕ್ರಾಂತಿಗೆ ಕೆಲವರು ಮನೆ ನಂಬರು ಇಪ್ಪತ್ತೊಂದರಿಂದ ನಾಲ್ಕು ಎಳೆಗಾಳಿನ ತೆನೆ ಮುರಿದು ಸೀತನಿ ಸುಟ್ಟು ತಿಂದರು. ಬಜಾರಪ್ಪ ಅದನ್ನು 'ಸಣ್ಣಪುಟ್ಟ ದುರಸ್ತಿ' ಎಂದು ದಾಖಲಿಸಿದ.

ಚಂದ್ರಣ್ಣನವರ ಪರಿಸ್ಥಿತಿಯೂ ಸುಧಾರಿಸಿತು. ನಲವತ್ತೆಂಟು ಮನೆಗಳಿರುವ ವೆಂಚರ್ ಎಂದು ಸರ್ಕಾರಿ ವೆಬ್‌ಸೈಟಿನಲ್ಲೇ ಬಂದದ್ದರಿಂದ ಆರು ಪ್ಲಾಟುಗಳು ನೋಡದೆಯೇ ಮಾರಾಟವಾದವು.

ಫೆಬ್ರವರಿಯಲ್ಲಿ ತೆನೆ ಬಲಿತವು. ಪೀರಮ್ಮ ಕುಡುಗೋಲು ಮಸೆದಳು. ಆಗ ಬಜಾರಪ್ಪ ಮತ್ತೆ ತಲೆ ಕೆರೆದುಕೊಳ್ಳುತ್ತ ಬಂದ.

"ಅತ್ತಿ, ಮನಿ ಕೆಡವಾಕ ಪರ್ಮಿಷನ್ ಬೇಕು."

"ಕೆಡವಾದಲ್ಲೋ, ಕೊಯ್ಯಾದು."

"ದಾಖಲ್ಯಾಗ ನಲವತ್ತೆಂಟು ಕುಟುಂಬದ ಮನಿ ಅದಾವ. ಸುಮ್ಮನ ಕುಡುಗೋಲು ಹಚ್ಚಿದ್ರ ನನ್ನ ನೌಕರಿಗೆ ಹಚ್ಚಿದಂಗ."

ಸಚಿವಾಲಯದ ಇಂಜಿನಿಯರು ಮೌನಿಕಾಳನ್ನು ಕರೆಸಲಾಯಿತು. ಕೆಲಸಕ್ಕೆ ಸೇರಿ ಆರು ತಿಂಗಳಾದ, ನಿಯಮವೆಂದರೆ ನಿಯಮ ಎನ್ನುವ ಹುಡುಗಿ. ಆಕೆ ಟೇಪು ಹಿಡಿದು ಮನೆ ನಂಬರು ಒಂದರ ಮುಂದೆ ನಿಂತು, ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಜೋಳದ ದಂಟಿನ ಪಕ್ಕದಲ್ಲಿ ಇಳಿಬಿಟ್ಟಳು. ಊರವರೆಲ್ಲ ಸುತ್ತ ನೆರೆದು ನೋಡಿದರು. ಪೀರಮ್ಮ ಬಾಗಿ, ನೆಲಕ್ಕೆ ಉದುರಿದ್ದ ಎರಡು ಕಾಳು ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಇನ್ನೊಂದು ವಾರ ತಡವಾದರೆ ಕಾಳು ಉದುರಿ, ಉಳಿದದ್ದು ಗಿಳಿಗಳ ಪಾಲು.

ಮೌನಿಕಾ ಗುಂಡನ್ನು ನೋಡಿದಳು. ದಂಟನ್ನು ನೋಡಿದಳು. ತೆನೆಗಳು ಮುಷ್ಟಿಗಿಂತ ದೊಡ್ಡವಾಗಿ, ಭಾರಕ್ಕೆ ಬಾಗಿ ತೂಗುತ್ತಿದ್ದವು.

"ಕಟ್ಟಡ ಒಂಬತ್ತು ಇಂಚು ವಾಲೈತಿ," ಎಂದಳು.

"ಭಾಳ ಭಾರ ಆಗೈತ್ರಿ ಮೇಡಂ," ಎಂದಳು ಪೀರಮ್ಮ ಮೆಲ್ಲಗೆ.

"ಎಲ್ಲಾ ಮನಿನೂ ಹಿಂಗಾ ವಾಲ್ಯಾವೇನು?"

"ದೇವರ ದಯೆದಿಂದ ಎಲ್ಲಾನೂ ವಾಲ್ಯಾವ್ರಿ."

"ಇದು ಅಪಾಯ. ಇವತ್ತಾ ಕೆಡವಬೇಕು." ಆಕೆ ನಿಂತಲ್ಲೇ ಸರ್ಟಿಫಿಕೇಟು ಬರೆದಳು. "ಒಳಗ ಯಾರಾದ್ರೂ ವಾಸ ಇದ್ರ ಮೊದಲು ಖಾಲಿ ಮಾಡಿಸ್ರಿ."

ಒಳಗೆ ಗಿಳಿ ಗುಬ್ಬಿಗಳು ವಾಸವಿದ್ದವು. ಬಜಾರಪ್ಪ ತಗಡು ಬಡಿದು ಅವುಗಳಿಗೆ ಸಾರ್ವಜನಿಕ ಪ್ರಕಟಣೆ ನೀಡಿದ. ಅವು ಹಾರಿಹೋದ ಮೇಲೆ ಪೀರಮ್ಮ ಮೊದಲ ದಂಟಿಗೆ ಕುಡುಗೋಲು ಹಾಕಿದಳು. ಊರವರು ಸಾಲು ಹಿಡಿದರು. ಶಿರೀಷಾ ಆದೋನಿಯಿಂದ ಬಂದು, ಕುಡುಗೋಲು ಹಿಡಿಯಲು ಬಾರದೆ ಬೆರಳು ಕೊಯ್ದುಕೊಂಡು, ಆಮೇಲೆ ತೆನೆ ಹೊತ್ತಳು. ಸಂಜೆಯ ಹೊತ್ತಿಗೆ ನಲವತ್ತೆಂಟು ಮನೆಗಳೂ ಯಾವ ಪ್ರಾಣಹಾನಿಯೂ ಇಲ್ಲದೆ ನೆಲಸಮವಾದವು. ಅಷ್ಟು ಒಳ್ಳೆಯ ಬೆಳೆ ಪೀರಮ್ಮನಿಗೆ ಹತ್ತು ವರ್ಷದಲ್ಲಿ ಬಂದಿರಲಿಲ್ಲ. ಹೊಸ ಜೋಳದ ರೊಟ್ಟಿಯನ್ನು ಆಕೆ ಎಲ್ಲರಿಗೂ ಬಡಿದಳು. ನಾಗಭೂಷಣರವರೂ ಬಂದು ನಾಲ್ಕು ರೊಟ್ಟಿ ತಿಂದು, ಇಷ್ಟು ಮೆತ್ತಗಿನ ರೊಟ್ಟಿ ಬರಬೇಕಾದರೆ ಮಂಡಲದಲ್ಲಿ ಸಾಗುಭೂಮಿ ಉಳಿಯುವುದು ಎಷ್ಟು ಮುಖ್ಯವೆಂದು ನಾಲ್ಕು ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಸಚಿವಾಲಯದ ಮುಂದೆ ಜನರ ಸಾಲು ರಸ್ತೆಯವರೆಗೆ ಬಂದಿತ್ತು. ಮುಂದಿನ ವರ್ಷ ನೆಮ್ಮದಿಯಿಂದ ಒಕ್ಕಲುತನ ಮಾಡಬೇಕೆಂದು, ತಮ್ಮ ಹೊಲಗಳನ್ನು ಮನೆಯ ಪ್ಲಾಟುಗಳಾಗಿ ಮಾಡಿಸಿಕೊಳ್ಳಲು ಊರಿನ ರೈತರೆಲ್ಲ ಪಾಸ್‌ಬುಕ್ಕು ಹಿಡಿದು ಬಂದಿದ್ದರು. ಬಜಾರಪ್ಪ ಒಬ್ಬೊಬ್ಬರನ್ನೇ ಕರೆದು ಅರ್ಜಿ ತುಂಬಿಸತೊಡಗಿದ.

"ರಾಮಲಕ್ಷ್ಮಿ ಚಿಗವ್ವ, ನಿಂದೇನು?"

"ಹತ್ತಿ."

"ಸುಣ್ಣ ಬಳಿದ ಮನೆ," ಎಂದು ಬರೆದ. "ನಿಂದು ಸುಂಕಣ್ಣ ಮಾವಾ?"

"ಕಡ್ಲಿ. ಮೊಣಕಾಲಿನ ಮಟ ಬಂದ್ರ ಭಾಳಾತು."

"ಗುಡಿಸಲು. ಮುಂದಿನವರು?"

ಸುಂಕೇಶ ಎಂಬ ರೈತ ಮುಂದೆ ಬಂದು, ಸಂಕೋಚದಿಂದ ಟವೆಲು ಹಿಂಡುತ್ತ ನಿಂತ. "ನಂದು ಶೇಂಗಾ ಅಣ್ಣಾ. ಮ್ಯಾಲ ಏನೂ ಇರಂಗಿಲ್ಲ. ಇರಾದೆಲ್ಲ ನೆಲದಾಗ. ನನಗ ಆಗಂಗಿಲ್ಲೇನೋ."

ಬಜಾರಪ್ಪ ಅವನನ್ನು ಕೂರಿಸಿ, ಒಂದು ಕ್ಷಣ ಯೋಚಿಸಿ, 'ನೆಲಮಾಳಿಗೆ' ಎಂದು ಬರೆದು ಮುದ್ರೆ ಒತ್ತಿದ.